ಮರ್ಕೆರಾದಿಂದ ಮಡಿಕೇರಿಗೆ ಒಂದು ಆಜ್ಞೆ

ಕೊಡಗಿನಷ್ಟು ಸಣ್ಣ ಸೀಮೆಯು ಎರಡು ಶತಮಾನಗಳ ಕಾಗದಪತ್ರಗಳಲ್ಲಿ ಇಷ್ಟೊಂದು ನಾಮಧೇಯಗಳನ್ನು ಧರಿಸಿ ಬಂದಿರುವುದು, ಆ ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಮುಂದಿನವರಿಗೆ ಉಳಿಸಬೇಕೆಂಬ ಸಂಕಲ್ಪವುಳ್ಳವರಿಗೆ ಮೊದಲ ದಿನವೇ ಅರಿವಿಗೆ ಬರುವ ಸಂಗತಿ. ಮುದ್ದುರಾಜನು 1681ರಲ್ಲಿ ತನ್ನ ರಾಜಧಾನಿಯಾಗಿ ನೆಲೆಗೊಳಿಸಿದ ಮಡಿಕೇರಿಯು ಇಂಗ್ಲಿಷರ ಲೇಖನಿಯಲ್ಲಿ ಮರ್ಕೆರಾ ಆಯಿತು. ದೊಡ್ಡವೀರರಾಜೇಂದ್ರನು 1792ರಲ್ಲಿ ಸ್ಥಾಪಿಸಿದ ವೀರರಾಜೇಂದ್ರಪೇಟೆಯು ಜನರ ನಾಲಗೆಯ ಮೇಲೆ ಸವೆದು ವಿರಾಜಪೇಟೆಯಾಯಿತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಸರಕಾರವು ರಾಜ್ಯವನ್ನು ವಶಪಡಿಸಿಕೊಂಡ ತರುವಾಯ ಕಾವೇರೀತೀರದ ಕುಶಾಲನಗರಕ್ಕೆ ಕರ್ನಲ್ ಫ್ರೇಸರನ ಹೆಸರು ತಗಲಿ, ಅದು ಬಹುಕಾಲ ಫ್ರೇಸರ್‌ಪೇಟೆಯೆಂದೇ ದಾಖಲೆಗಳಲ್ಲಿ ನಿಂತಿತು. ಸೀಮೆಯಾದರೋ ಕೂರ್ಗ್ ಎಂಬ ಹೆಸರಿನಿಂದ ಮುಖ್ಯ ಆಯುಕ್ತರ ಪ್ರಾಂತವಾಗಿಯೂ, 1952ರಿಂದ ಸ್ವಂತ ವಿಧಾನಸಭೆಯುಳ್ಳ ಪ್ರತ್ಯೇಕ ರಾಜ್ಯವಾಗಿಯೂ ಇದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಇಂಥ ನಾಡಿನ ಗೆಜೆಟಿಯರಿನ ಭಾಗಗಳು, ಐನ್‌ಮನೆಗಳೆಂಬ ಕೊಡವ ಮೂಲಮನೆಗಳ ವಂಶಾವಳಿಗಳು, ಜಮ್ಮಾ ಎಂಬ ಆನುವಂಶಿಕ ಹಿಡುವಳಿ ಭೂಮಿಯ ಅರ್ಜಿಗಳ ನಕಲುಗಳು, ಹಬ್ಬದ ಸ್ಮರಣ ಸಂಚಿಕೆಗಳು ಬೇರೆ ಬೇರೆ ಕೈಗಳಿಂದ ಬೆರಳಚ್ಚಾಗಿ ನೂರಾರು ಕಡತಗಳ ರೂಪದಲ್ಲಿ ಒಂದು ಫೋಲ್ಡರಿನಲ್ಲಿ ಸೇರಿಕೊಂಡಿವೆಯೆಂದು ಭಾವಿಸಿಕೊಳ್ಳೋಣ. ಒಂದೇ ಊರು ಒಂದರಲ್ಲಿ ಮರ್ಕೆರಾ, ಇನ್ನೊಂದರಲ್ಲಿ ಮರ್ಕರ, ಮತ್ತೊಂದರಲ್ಲಿ ಮಡಿಕೇರಿ. ಇವುಗಳಲ್ಲಿ ಬೇಕಾದುದನ್ನು ಹುಡುಕುವುದು ಹೇಗೆ, ಬದಲಿಸಬೇಕಾದುದನ್ನು ಬದಲಿಸುವುದು ಹೇಗೆ?

ಕಡತವನ್ನು ಒಂದೊಂದಾಗಿ ತೆರೆದು, ಪರದೆಯ ಮೇಲಿನ ಚಿಕ್ಕ ಪೆಟ್ಟಿಗೆಯಲ್ಲಿ ಹಳೆಯ ಪದವನ್ನೂ ಹೊಸ ಪದವನ್ನೂ ತುಂಬಿ ಗುಂಡಿ ಒತ್ತುವ ಕ್ರಮವನ್ನು ಎಲ್ಲರೂ ಬಲ್ಲರು. ಹತ್ತು ಕಡತಗಳಿಗೆ ಅದು ಸಾಕು, ನೂರಾರಕ್ಕೆ ಸಾಲದು. ಅದಕ್ಕೆ ತಕ್ಕ ಸಾಧನಗಳು ಕಂಪ್ಯೂಟರಿನ ಟರ್ಮಿನಲ್ ಎಂಬ ಕಪ್ಪು ಕಿಟಕಿಯೊಳಗೆ ಐವತ್ತು ವರ್ಷಗಳಿಂದ ಸಿದ್ಧವಾಗಿವೆ. ಹುಡುಕತಕ್ಕದ್ದು ಗ್ರೆಪ್, ಬದಲಿಸತಕ್ಕದ್ದು ಸೆಡ್. ಲಿನಕ್ಸಿನಲ್ಲಿಯೂ ಮ್ಯಾಕಿನಲ್ಲಿಯೂ ಇವು ಹಣ ತೆರದೆ, ಅನುಸ್ಥಾಪಿಸದೆ ದೊರೆಯುತ್ತವೆ. ಕಲಿಯಲು ಎಂಜಿನಿಯರಾಗಿರಬೇಕೆಂಬ ನಿಯಮವಿಲ್ಲ. ನಮ್ಮ ಅಧ್ಯಾಪಕರೂ ಗ್ರಂಥಪಾಲಕರೂ ಸಂಪಾದಕರೂ ಇವುಗಳನ್ನು ಅನ್ಯರ ವಿದ್ಯೆಯೆಂದು ದೂರವಿಟ್ಟಿರುವುದು ನನಗೆ ಬಹಳ ವ್ಯಸನ ತರುವ ವಿಷಯ, ಏಕೆಂದರೆ ಇವುಗಳ ಜನ್ಮವೃತ್ತಾಂತವೇ ಗ್ರಂಥಾಧ್ಯಯನಕ್ಕೆ ಸೇರಿದ್ದು.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟುತ್ತಿದ್ದ ದಿನಗಳಲ್ಲಿ ಲೀ ಮೆಕ್‌ಮಾಹನ್ ಎಂಬ ವಿದ್ವಾಂಸನು, ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು ಒಂದೇ ಗುಪ್ತನಾಮದಿಂದ ಪ್ರಕಟಿಸಿದ ‘ಫೆಡರಲಿಸ್ಟ್’ ಲೇಖನಗಳ ಪೈಕಿ ಯಾವುದು ಯಾರದೆಂಬುದನ್ನು ಪದಪ್ರಯೋಗದ ಆಧಾರದಿಂದ ವಿವೇಚಿಸಲು ಹೊರಟನೆಂದೂ, ಅಂದಿನ ಯಂತ್ರದ ಅಲ್ಪಸ್ಮೃತಿಯಲ್ಲಿ ಆ ಎಂಬತ್ತೈದು ಲೇಖನಗಳು ಹಿಡಿಸದೆ ಹೋದಾಗ ಕೆನ್ ಥಾಂಪ್ಸನ್ ತನ್ನ ಸಂಪಾದಕ ತಂತ್ರಾಂಶದೊಳಗಿದ್ದ ಶೋಧನ ಭಾಗವನ್ನು ಬೇರ್ಪಡಿಸಿ ಸ್ವತಂತ್ರ ಸಾಧನವನ್ನಾಗಿ ಮಾಡಿಕೊಟ್ಟನೆಂದೂ ಅವರ ಸಹೋದ್ಯೋಗಿ ಬ್ರಯಾನ್ ಕರ್ನಿಘನ್ ಹೇಳಿದ್ದಾನೆ. 1973ರ ಸುಮಾರಿಗೆ ಹುಟ್ಟಿದ ಆ ಸಾಧನವೇ ಗ್ರೆಪ್. ಅದೇ ಮೆಕ್‌ಮಾಹನ್ ಅನತಿಕಾಲದಲ್ಲಿಯೇ ಸೆಡ್ ಅನ್ನು ರಚಿಸಿದನು. ಇವೆರಡರ ಬೆನ್ನಿಗಿರುವ ಸಿದ್ಧಾಂತವಾದರೋ ಗಣಿತಜ್ಞ ಸ್ಟೀಫನ್ ಕ್ಲೀನಿಯದು. ಒಂದು ಪದವನ್ನಲ್ಲದೆ ಪದಗಳ ಒಂದು ಆಕೃತಿಯನ್ನೇ ಕೆಲವು ಚಿಹ್ನೆಗಳಿಂದ ವರ್ಣಿಸಬಹುದೆಂದು ತೋರಿಸಿದ ಆತನ ಪ್ರಬಂಧವು ಪ್ರಕಟವಾದದ್ದು, ಕೊಡಗು ಮೈಸೂರಿನೊಡನೆ ಕೂಡಿದ 1956ರಲ್ಲಿಯೇ.

ಗ್ರೆಪ್‌ಗೆ ಹೇಳಬೇಕಾದುದು ಎರಡೇ ಮಾತು: ಏನನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು. ಅದು ಕಡತವನ್ನು ಸಾಲು ಸಾಲಾಗಿ ಓದಿ, ಕೇಳಿದ ಆಕೃತಿ ದೊರೆತ ಸಾಲನ್ನು ಪರದೆಯ ಮೇಲೆ ಇಡುತ್ತದೆ. ಕೇಳಿದರೆ ಸಾಲಿನ ಸಂಖ್ಯೆಯನ್ನೂ ಕಡತದ ಹೆಸರನ್ನೂ ಜೊತೆಗೆ ಕೊಡುತ್ತದೆ. ಒಂದು ಫೋಲ್ಡರನ್ನು ಅದರ ಒಳಫೋಲ್ಡರುಗಳ ಸಮೇತ ಜಾಲಾಡೆಂದರೆ ಜಾಲಾಡುತ್ತದೆ. ಎಣಿಸೆಂದು ಕೇಳಿದಾಗ ಮಾತ್ರ ಎಚ್ಚರ ಬೇಕು, ಏಕೆಂದರೆ ಅದು ಎಣಿಸುವುದು ಪದಗಳನ್ನಲ್ಲ, ಸಾಲುಗಳನ್ನು. ಒಂದು ಪರಿಚ್ಛೇದವೆಲ್ಲ ಒಂದೇ ಸಾಲಾಗಿರುವ ಕಡತದಲ್ಲಿ ಮಡಿಕೇರಿಯ ಹೆಸರು ಆರು ಬಾರಿ ಬಂದಿದ್ದರೂ ಲೆಕ್ಕದಲ್ಲಿ ಒಂದೇ. ಪದವೊಂದೊಂದನ್ನೂ ಪ್ರತ್ಯೇಕ ಸಾಲಾಗಿ ಹೊರಡಿಸೆಂದು ಹೇಳಿ ಆಮೇಲೆ ಸಾಲುಗಳನ್ನು ಎಣಿಸುವುದು ಸರಿಯಾದ ದಾರಿ.

ಇಷ್ಟು ಇಂಗ್ಲಿಷಿಗೂ ಕನ್ನಡಕ್ಕೂ ಸಮಾನ. ಕನ್ನಡದ ಕಷ್ಟಗಳು ಇನ್ನು ಮೇಲೆ ಬರುತ್ತವೆ, ಮತ್ತು ಅವು ಸ್ವಾರಸ್ಯವಾದವು.

‘ಕೊಡಗು’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ, ಅದರ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನ ದೊರೆತಿರುವ ಆ ಪದ್ಧತಿಯಲ್ಲಿ, ಅದು ಐದು ಸಂಕೇತ: ಕಕಾರ, ಒತ್ವ, ಡಕಾರ, ಗಕಾರ, ಕೊಂಬು. ಕಡತದಲ್ಲಿ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳಂತೆ ಒಟ್ಟು ಹದಿನೈದು ಬೈಟು. ಆದರೆ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯುವಂತೆ, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳನ್ನು ಒಂದರ ಪಕ್ಕ ಒಂದಿಟ್ಟೂ ಬರೆಯಬಹುದು. ಆಗ ಅದು ಆರು ಸಂಕೇತ, ಹದಿನೆಂಟು ಬೈಟು. ಪರದೆಯ ಮೇಲೆ ಎರಡೂ ಒಂದೇ ರೂಪ. ಎಷ್ಟು ದಿಟ್ಟಿಸಿದರೂ ಮನುಷ್ಯನ ಕಣ್ಣಿಗೆ ಭೇದ ತೋರದು. ಗ್ರೆಪ್‌ಗಾದರೋ ಇವು ಎರಡು ಬೇರೆ ಪದಗಳು. ಬೇರೆ ಬೇರೆ ತಂತ್ರಾಂಶಗಳನ್ನು ಹಾದುಬಂದ ಕಡತಗಳ ರಾಶಿಯಲ್ಲಿ ‘ಕೊಡಗು’ ಸಿಗಲಿಲ್ಲವೆಂದು ಗ್ರೆಪ್ ಹೇಳಿದಾಗ, ಇಲ್ಲವೆಂದು ನಂಬುವ ಮೊದಲು ಈ ಎರಡನೆಯ ರೂಪದ ಸಾಧ್ಯತೆಯನ್ನು ಯೋಚಿಸಬೇಕು. ಇದಕ್ಕೆ ಪರಿಹಾರವುಂಟು: ಯೂಕಾನ್ವ್ ಮುಂತಾದ ಸಾಧನಗಳಿಂದ ಕಡತಗಳನ್ನೆಲ್ಲ ಮೊದಲು ಒಂದೇ ಸಾಮಾನ್ಯರೂಪಕ್ಕೆ ತರುವುದು. ಶೋಧನಕ್ಕೆ ಪೂರ್ವಭಾವಿಯಾಗಿ ಈ ಸಂಸ್ಕಾರವನ್ನು ಮಾಡದೆ ಕನ್ನಡ ಕಡತಗಳ ಮೇಲೆ ಯಾವ ಕೆಲಸಕ್ಕೂ ಕೈಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯ ನುಡಿ ಮತ್ತು ಬರಹ ತಂತ್ರಾಂಶಗಳ ಕಾಲದ ಕಡತಗಳ ಅವಸ್ಥೆ ಇದಕ್ಕಿಂತ ಕ್ಲಿಷ್ಟ. ಅಕ್ಷರಶೈಲಿಯು ಕನ್ನಡವನ್ನು ತೋರಿಸುತ್ತಿದ್ದರೂ ಒಳಗೆ ಶೇಖರವಾಗಿರುವುದು ರೋಮನ್ ಅಕ್ಷರಗಳೂ ಚಿತ್ರವಿಚಿತ್ರ ಚಿಹ್ನೆಗಳೂ ಆದ್ದರಿಂದ, ಅಲ್ಲಿ ಕನ್ನಡ ಪದವನ್ನು ಹುಡುಕುವ ಪ್ರಯತ್ನವೇ ವ್ಯರ್ಥ. ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು.

ಇನ್ನು ‘ಫ್ರೇಸರ್‌ಪೇಟೆ’. ರಕಾರದ ಅರ್ಧಾಕ್ಷರವು ಮುಂದಿನ ಪಕಾರದೊಡನೆ ಕೂಡಿ ಅರ್ಕಾವೊತ್ತಾಗದಂತೆ ತಡೆಯಲು ಇವೆರಡರ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಸಂಕೇತವನ್ನು ಇಡುವುದುಂಟು. ಬಲ್ಲವರು ಅದನ್ನು ಇಡುತ್ತಾರೆ, ತಿಳಿಯದವರು ಅದರ ಬದಲು ಖಾಲಿ ಜಾಗ ಬಿಡುತ್ತಾರೆ, ಅವಸರದವರು ಏನನ್ನೂ ಇಡದೆ ಕೂಡಿಸಿಬಿಡುತ್ತಾರೆ. ಈ ಮೂರು ರೂಪಗಳೂ ಒಂದೇ ಸ್ಮರಣ ಸಂಚಿಕೆಯೊಳಗೆ ಇರಬಹುದು. ‘ಫ್ರೇಸರ್’ ಆದ ಮೇಲೆ ಆ ಗುಪ್ತಸಂಕೇತವಾಗಲಿ ಖಾಲಿ ಜಾಗವಾಗಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಅನಂತರ ‘ಪೇಟೆ’ ಬಂದರೆ ಹಿಡಿದುಕೊಡು ಎಂದು ಒಂದೇ ಆಕೃತಿಯಲ್ಲಿ ಹೇಳಬಹುದು. ಕ್ಲೀನಿಯ ಸಿದ್ಧಾಂತ ಫಲಿಸುವುದು ಇಂಥ ಕಡೆ.

ಸೊನ್ನೆಯ ವಿಷಯವಂತೂ ಕನ್ನಡ ಕಡತಗಳನ್ನು ಓದುವ ಯಾರನ್ನೂ ಬಿಡದು. ಅನುಸ್ವಾರದ ಸೊನ್ನೆಗೂ ಕನ್ನಡ ಅಂಕಿಯ ಸೊನ್ನೆಗೂ ಆಕಾರ ಒಂದೇ ಆಗಿರುವುದರಿಂದ ಬೆರಳಚ್ಚುಗಾರರು ಎಷ್ಟೋ ಸಲ ಒಂದರ ಜಾಗದಲ್ಲಿ ಇನ್ನೊಂದನ್ನು ಒತ್ತಿರುತ್ತಾರೆ. ಕೊಡವರ ಮನೆತನದ ಹೆಸರುಗಳಲ್ಲಿ ಅನುಸ್ವಾರ ಹೇರಳ. 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದ ಪಾಂಡಂಡ ಕುಟ್ಟಪ್ಪನವರ ಮನೆಹೆಸರಿನಲ್ಲಿಯೇ ಎರಡುಂಟು. ಆ ಎರಡರಲ್ಲಿ ಒಂದು ಅಂಕಿಯಾಗಿ ಬಿದ್ದಿದ್ದರೂ ಆ ಮನೆತನವು ಶೋಧನದಿಂದ ಮರೆಯಾಗಿ ಹೋಗುತ್ತದೆ. ಇಲ್ಲಿ ಸೆಡ್‌ಗೆ ಕೊಡಬೇಕಾದ ಅಪ್ಪಣೆ: ಅಂಕಿಯ ಸೊನ್ನೆಯ ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅದನ್ನು ಅನುಸ್ವಾರವಾಗಿ ತಿದ್ದು, ಹಿಂದೆ ಮತ್ತೊಂದು ಅಂಕಿ ಇದ್ದರೆ ಮುಟ್ಟಬೇಡ. ಇದರಿಂದ ಪಾಂಡಂಡ ಮನೆತನ ಹೆಸರು ಪಡೆಯುತ್ತದೆ, ಹತ್ತು ನೂರುಗಳು ತಮ್ಮ ಬೆಲೆ ಕಳೆದುಕೊಳ್ಳುವುದಿಲ್ಲ.

ಮನೆಹೆಸರುಗಳನ್ನು ಒಟ್ಟುಗೂಡಿಸಲು ಗ್ರೆಪ್ ಬಳಸುವುದು ಬಹು ಸಂತೋಷದ ಕೆಲಸ. ‘ಂಡ’ ಎಂದು ಮುಗಿಯುವ ಪದಗಳನ್ನೆಲ್ಲ ಹೊರತೆಗೆ ಎಂದರೆ ಕ್ಷಣಮಾತ್ರದಲ್ಲಿ ಪಟ್ಟಿ ಸಿದ್ಧ. ಪಟ್ಟಿಯಲ್ಲಿ ನಾಡಿಕೇರಿಯಂಡ, ಪಾಂಡಂಡಗಳ ಜೊತೆಗೆ ಗಂಡ, ಉಂಡ, ಕಂಡ, ಮುಖಂಡಗಳೂ ಬಂದು ನಿಲ್ಲುತ್ತವೆ. ಹಾಕಿಯ ವರದಿಯಾದರೆ ‘ತಂಡ’ವು ಸಾಲುಸಾಲಿಗೂ ಬರುತ್ತದೆ. ಬೇಡದವನ್ನು ಬಿಟ್ಟುಬಿಡೆಂದು ಎರಡನೆಯ ಗ್ರೆಪ್‌ಗೆ ಹೇಳಿ ಪಟ್ಟಿಯನ್ನು ಸೋಸಬಹುದು; ಉಳಿದದ್ದನ್ನು ಊರಿನ ಹಿರಿಯರೊಬ್ಬರ ಮುಂದೆ ಇಟ್ಟು ಕೇಳುವುದು ಅನಿವಾರ್ಯ, ಏಕೆಂದರೆ ಎಲ್ಲ ಮನೆಹೆಸರುಗಳೂ ‘ಂಡ’ದಲ್ಲಿ ಮುಗಿಯುವುದಿಲ್ಲ. ನಾಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಜಾನಪದ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಕನ್ನಡ ಲಿಪಿಯಲ್ಲಿ ಪ್ರಕಟಿಸಿದಂದಿನಿಂದ ಕೊಡವ ಭಾಷೆಯನ್ನು ಬರೆಯುವವರಿಗೆ ಕನ್ನಡ ಲಿಪಿಯೇ ಪ್ರಮುಖ ಆಶ್ರಯವಾಗಿದ್ದರೂ, ಆ ನುಡಿಯ ಅರ್ಧಸ್ವರಗಳಿಗೆ ಕನ್ನಡದಲ್ಲಿ ನೆಟ್ಟಗೆ ಹೊಂದುವ ಚಿಹ್ನೆಯಿಲ್ಲದ ಕಾರಣ ಒಬ್ಬರು ‘ತಕ್ಕ್’ ಎಂದೂ ಇನ್ನೊಬ್ಬರು ‘ತಕ್ಕು’ ಎಂದೂ ಬರೆಯುತ್ತಾರೆ. ಕೊನೆಯಲ್ಲಿ ಹಲಂತಚಿಹ್ನೆಯೋ ಕೊಂಬೋ ಎರಡರಲ್ಲೊಂದಿರಲಿ ಎಂದು ಚೌಕ ಕಂಸದೊಳಗೆ ಎರಡನ್ನೂ ಇಟ್ಟು ಹೇಳಿದರೆ ಗ್ರೆಪ್ ಇಬ್ಬರ ಬರಹವನ್ನೂ ಸಮಾನ ಗೌರವದಿಂದ ಕಾಣುತ್ತದೆ.

ವಿಭಕ್ತಿಯ ಕಾರಣದಿಂದ ಇನ್ನೊಂದು ತೊಡಕು. ‘ಕೊಡಗು’ ಎಂದು ಹುಡುಕಿದವನಿಗೆ ಕೊಡಗಿನ, ಕೊಡಗಿಗೆ, ಕೊಡಗನ್ನು ಯಾವುವೂ ಸಿಗವು. ಪ್ರತ್ಯಯ ಸೇರುವಾಗ ಅಂತ್ಯದ ಉಕಾರವು ಲೋಪವಾಗಿರುತ್ತದೆ. ‘ಕೊಡಗ’ ಎಂಬಷ್ಟನ್ನೇ ಕೊಟ್ಟರೆ ಎಲ್ಲವೂ ಸಿಗುತ್ತವೆ, ಜೊತೆಗೆ ಕೋಳೂರಿನ ಕೊಡಗೂಸೂ ಸಿಗುತ್ತಾಳೆ. ಹರಿಹರನ ರಗಳೆಯ ಆ ಮುಗ್ಧಬಾಲೆಗೂ ಕೊಡಗಿನ ಚರಿತ್ರೆಗೂ ಏನೂ ಸಂಬಂಧವಿಲ್ಲವೆಂದು ಯಂತ್ರಕ್ಕೆ ಗೊತ್ತಿಲ್ಲ. ಪೂರ್ಣಪದವನ್ನು ಮಾತ್ರ ಹುಡುಕೆಂಬ ಸೌಲಭ್ಯವಿದ್ದರೂ, ಕೆಲವು ಉಪಕರಣಗಳು ಪದದ ನಡುವಿನ ಹಲಂತಚಿಹ್ನೆಯನ್ನೇ ಪದದ ಅಂತ್ಯವೆಂದು ಎಣಿಸುವುದರಿಂದ ಒತ್ತಕ್ಷರಗಳಿಂದ ತುಂಬಿದ ನಮ್ಮ ಭಾಷೆಯಲ್ಲಿ ಅದನ್ನು ಪರೀಕ್ಷಿಸದೆ ನೆಚ್ಚಬಾರದು.

ಹುಡುಕುವುದರಿಂದ ಹಾನಿಯಿಲ್ಲ. ಬದಲಿಸುವುದಕ್ಕೆ ಬಂದಾಗ ಮನಸ್ಸು ನಿಧಾನವಾಗಬೇಕು. ಕಾಫಿ ತೋಟದಲ್ಲಿ ಒಳ್ಳೆಯ ಕೊಯ್ಲುಗಾರರು ಗೊಂಚಲನ್ನೇ ಸೆಳೆಯದೆ ಕೆಂಪಾದ ಹಣ್ಣನ್ನು ಮಾತ್ರ ಬಿಡಿಸಿ ಹಸುರು ಕಾಯನ್ನು ಕೊಂಬೆಯಲ್ಲಿಯೇ ಉಳಿಸುವಂತೆ ಇಲ್ಲಿ ಕೈ ಆಡಬೇಕು.

ಸೆಡ್‌ನ ಮುಖ್ಯ ಆಜ್ಞೆಯ ಸ್ವರೂಪ ಅತಿ ಸರಳ: ‘ಎಸ್’ ಎಂಬ ಅಕ್ಷರ, ಒಂದು ಓರೆಗೆರೆ, ಹಳೆಯ ರೂಪ, ಓರೆಗೆರೆ, ಹೊಸ ರೂಪ, ಓರೆಗೆರೆ. ಕೊನೆಗೆ ‘ಜಿ’ ಎಂಬ ಅಕ್ಷರವನ್ನು ಸೇರಿಸಿದರೆ ಸಾಲಿನಲ್ಲಿರುವ ಎಲ್ಲವೂ ಬದಲಾಗುತ್ತವೆ. ಸೇರಿಸದಿದ್ದರೆ ಪ್ರತಿಸಾಲಿನ ಮೊದಲನೆಯದು ಮಾತ್ರ. ಸೆಡ್ ಒಂದು ಸಾಲನ್ನು ಒಳಗೆ ತೆಗೆದುಕೊಂಡು, ಅದರ ಮೇಲೆ ಆಜ್ಞೆಗಳನ್ನು ಕ್ರಮವಾಗಿ ನಡೆಸಿ, ಫಲಿತವನ್ನು ಹೊರಗೆ ಬಿಟ್ಟು, ಮುಂದಿನ ಸಾಲಿಗೆ ಹೋಗುತ್ತದೆ. ಮೂಲ ಕಡತವನ್ನು ತಾನಾಗಿ ಮುಟ್ಟುವುದಿಲ್ಲ. ಈಗ ‘ಮರ್ಕೆರಾ’ ಎಂಬುದನ್ನು ‘ಮಡಿಕೇರಿ’ ಮಾಡೆಂದು ಇದಕ್ಕೆ ಹೇಳಿದಿರೆಂದು ಇಟ್ಟುಕೊಳ್ಳಿ. ‘ಮರ್ಕೆರಾದಲ್ಲಿ’ ಎಂದಿದ್ದದ್ದು ‘ಮಡಿಕೇರಿದಲ್ಲಿ’ ಆಗುತ್ತದೆ, ‘ಮರ್ಕೆರಾಕ್ಕೆ’ ಎಂದಿದ್ದದ್ದು ‘ಮಡಿಕೇರಿಕ್ಕೆ’. ಕನ್ನಡ ಬಲ್ಲ ಯಾವ ಕಿವಿಯೂ ಇದನ್ನು ಸಹಿಸದು. ಇಕಾರಾಂತವಾದ ಹೆಸರಿಗೆ ಯಕಾರಾಗಮವಾಗಬೇಕು, ಚತುರ್ಥಿಯಲ್ಲಿ ‘ಗೆ’ ಬರಬೇಕು. ಆದ್ದರಿಂದ ವ್ಯಾಕರಣವನ್ನು ನೆನೆದು ಮೂರು ಆಜ್ಞೆಗಳನ್ನು ಬರೆಯಬೇಕು: ‘ಮರ್ಕೆರಾ’ದ ಮುಂದೆ ದಕಾರವೋ ವಕಾರವೋ ಇದ್ದರೆ ಎರಡನ್ನೂ ಸೇರಿಸಿ ‘ಮಡಿಕೇರಿಯ’ ಎಂದು ಮಾಡು, ‘ಕ್ಕೆ’ ಇದ್ದರೆ ‘ಮಡಿಕೇರಿಗೆ’ ಎಂದು ಮಾಡು, ಇವೆರಡೂ ಆದ ಮೇಲೆ ಉಳಿದ ಬರಿಯ ‘ಮರ್ಕೆರಾ’ವನ್ನು ‘ಮಡಿಕೇರಿ’ ಮಾಡು. ಮೊದಲನೆಯ ಒಂದೇ ಆಜ್ಞೆಯಿಂದ ದಲ್ಲಿ, ದಿಂದ, ದೊಳಗೆ, ವನ್ನು, ವೆಂಬ ಎಲ್ಲವೂ ಸರಿಹೋಗುತ್ತವೆ. ಮೂರನೆಯದನ್ನು ಮರೆತು ಮೊದಲಿಗೆ ಇಟ್ಟರೆ ಉಳಿದೆರಡಕ್ಕೆ ಹಿಡಿಯಲು ಏನೂ ಉಳಿಯದೆ ಕಡತವೆಲ್ಲ ಅಪಶಬ್ದಮಯವಾಗುತ್ತದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದಾಗ ‘ಗುಲ್ಬರ್ಗಾದಲ್ಲಿ’ ಎಂಬುದು ‘ಕಲಬುರಗಿಯಲ್ಲಿ’ ಆಗಬೇಕಾದ ಕಡೆಗಳಲ್ಲೆಲ್ಲ ಇದೇ ಸೂತ್ರ ಅನ್ವಯಿಸುತ್ತದೆ. ಕೇಶಿರಾಜನ ಪರಂಪರೆಯಲ್ಲಿ ವ್ಯಾಕರಣ ಕಲಿತವರಿಗೆ ಈ ಕೆಲಸದಲ್ಲಿ ಎಂಜಿನಿಯರುಗಳಿಗಿಂತ ಹೆಚ್ಚಿನ ಅಧಿಕಾರವಿದೆಯೆಂದು ನಾನು ಹೇಳುವುದು ಇಂಥ ಕಾರಣದಿಂದ.

ಬದಲಿಸಲೇ ಬಾರದ ಕಡೆಗಳೂ ಉಂಟು, ಅವೇ ಹೆಚ್ಚು ವಿಚಾರಾರ್ಹ. ರಿಕ್ಟರ್ 1870ರಲ್ಲಿ ಪ್ರಕಟಿಸಿದ ‘ಮ್ಯಾನ್ಯುಅಲ್ ಆಫ್ ಕೂರ್ಗ್’, ರೈಸ್ 1886ರಲ್ಲಿ ಹೊರತಂದ ‘ಕೂರ್ಗ್ ಇನ್‌ಸ್ಕ್ರಿಪ್ಷನ್ಸ್’ ಇವು ಗ್ರಂಥನಾಮಗಳು. ಅವುಗಳೊಳಗಿನ ಕೂರ್ಗನ್ನು ಕೊಡಗು ಮಾಡಿದರೆ ಆ ಹೆಸರಿನ ಪುಸ್ತಕ ಯಾವ ಗ್ರಂಥಾಲಯದಲ್ಲಿಯೂ ಸಿಕ್ಕದು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಾಫಿಯ ನೋಂದಾಯಿತ ಹೆಸರು ‘ಕೂರ್ಗ್ ಅರೇಬಿಕಾ’. ಅದನ್ನು ತಿದ್ದುವ ಹಕ್ಕು ನಮಗಿಲ್ಲ. ಅರೇಬಿಕಾ ಎಂಬ ಪದವಿರುವ ಸಾಲುಗಳನ್ನು ಬಿಟ್ಟು ಮಿಕ್ಕವುಗಳಲ್ಲಿ ಬದಲಿಸೆಂದು ಸೆಡ್‌ಗೆ ಹೇಳಲು ಒಂದು ಆಶ್ಚರ್ಯಸೂಚಕ ಚಿಹ್ನೆ ಸಾಕು. ಮಾಸ್ತಿಯವರು ಕೊಡಗಿನ ಕೊನೆಯ ಅರಸನನ್ನು ಕುರಿತು ಬರೆದು, ಅವರಿಗೆ 1983ರ ಜ್ಞಾನಪೀಠವನ್ನು ತಂದುಕೊಟ್ಟ ಕಾದಂಬರಿಯ ಹೆಸರು ‘ಚಿಕವೀರ ರಾಜೇಂದ್ರ’. ಚರಿತ್ರೆಯ ಪುಸ್ತಕಗಳಲ್ಲಿ ರೂಢಿಯಾದುದು ‘ಚಿಕ್ಕವೀರರಾಜೇಂದ್ರ’. ಏಕರೂಪತೆಯ ಉತ್ಸಾಹದಲ್ಲಿ ಒತ್ತಕ್ಷರವನ್ನು ಸೇರಿಸುತ್ತ ಹೋದರೆ ಮಾಸ್ತಿಯವರ ಶೀರ್ಷಿಕೆಯನ್ನು ನಾವು ತಿದ್ದಿದಂತಾಯಿತು. ಹಳೆಯ ಅರ್ಜಿಯೊಂದನ್ನು ಯಥಾವತ್ತಾಗಿ ಉದ್ಧರಿಸಿರುವ ಕಡೆ ಮರ್ಕೆರಾ ಮರ್ಕೆರಾ ಆಗಿಯೇ ಇರಬೇಕು. ಅದನ್ನು ಬರೆದವರು ಯಾವ ಕಾಲದವರೆಂಬುದಕ್ಕೆ ಆ ಕಾಗುಣಿತವೇ ಸಾಕ್ಷಿ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಇಬ್ಬರು ಸೇನಾನಿಗಳ ಮನೆಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮನೆಯವರು, ಜನರಲ್ ತಿಮ್ಮಯ್ಯನವರು ಕೊಡೆಂದೇರ ಮನೆಯವರು. ಎರಡಕ್ಕೂ ನಡುವೆ ಇರುವುದು ಒಂದು ಎತ್ವದ ಅಂತರ, ಮೂರು ಬೈಟು. ಒಂದು ಕಡತದಲ್ಲಿ ಎರಡೂ ರೂಪಗಳನ್ನು ಕಂಡು, ಇದು ಬೆರಳಚ್ಚಿನ ದೋಷವೆಂದು ಬಗೆದು ಒಂದನ್ನು ಇನ್ನೊಂದಾಗಿ ಬದಲಿಸುವ ಆಜ್ಞೆಯನ್ನು ಕೊಡುವುದು ಯಾರಿಗೂ ಸಹಜ. ಸೆಡ್ ಕ್ಷಣದಲ್ಲಿ ಅದನ್ನು ನೆರವೇರಿಸಿ ಮೌನವಾಗಿರುತ್ತದೆ. ಒಂದು ಮನೆತನದ ಹೆಸರು ದಾಖಲೆಯಿಂದ ಅಳಿಸಿಹೋಗಿರುತ್ತದೆ, ಮತ್ತು ಎರಡೂ ಒಂದೇ ಆದ ಮೇಲೆ ಯಾವುದು ಮೊದಲು ಯಾವುದಾಗಿತ್ತೆಂದು ತಿಳಿಯುವ ಉಪಾಯ ಆ ಕಡತದೊಳಗೆ ಇರುವುದಿಲ್ಲ.

ಆದಕಾರಣ ಸೆಡ್ ಮೂಲ ಕಡತದಲ್ಲಿಯೇ ಬರೆಯುವಂತೆ ಮಾಡುವ ‘ಐ’ ಎಂಬ ಸೂಚನೆಯನ್ನು ಕೊಡುವಾಗ ಅದಕ್ಕೆ ಅಂಟಿಸಿ ಒಂದು ಬಾಲನಾಮವನ್ನು ಕೊಟ್ಟು, ಹಳೆಯ ಪ್ರತಿಯೊಂದು ಪಕ್ಕದಲ್ಲಿ ಉಳಿಯುವಂತೆ ಮಾಡುವುದು ಅವಶ್ಯ. ಅದಕ್ಕೂ ಮುಂಚೆ ಫಲಿತವನ್ನು ಬೇರೆ ಕಡತಕ್ಕೆ ಹರಿಸಿ, ಡಿಫ್ ಎಂಬ ಸಾಧನದಿಂದ ಹಳೆಯದನ್ನೂ ಹೊಸದನ್ನೂ ಸಾಲಿಗೆ ಸಾಲು ಹೋಲಿಸಿ ಓದುವುದು ಇನ್ನೂ ಉತ್ತಮ. ಸಾವಿರ ಬದಲಾವಣೆಗಳಿದ್ದರೆ ಸಾವಿರವನ್ನೂ ಓದಬೇಕು. ಶ್ರಮವೆಂದು ಅದನ್ನು ಬಿಡುವವರು ಬದಲಿಸುವ ಕೆಲಸವನ್ನೂ ಬಿಡುವುದು ಮೇಲು.

ಸೆಡ್‌ನ ಆಜ್ಞೆಗಳನ್ನು ಟರ್ಮಿನಲ್ಲಿನಲ್ಲಿ ಆಗಾಗ ಟೈಪಿಸಿ ಮರೆಯುವ ಬದಲು ಅವುಗಳನ್ನೇ ಒಂದು ಕಡತದಲ್ಲಿ ಬರೆದಿಟ್ಟು, ಆ ಕಡತವನ್ನು ಓದಿ ನಡೆಯೆಂದು ಸೆಡ್‌ಗೆ ಹೇಳಬಹುದು. ಹ್ಯಾಷ್ ಚಿಹ್ನೆಯಿಂದ ಆರಂಭವಾಗುವ ಸಾಲನ್ನು ಅದು ಲೆಕ್ಕಿಸುವುದಿಲ್ಲವಾದ್ದರಿಂದ ಪ್ರತಿ ಆಜ್ಞೆಯ ಮೇಲೆ ಕನ್ನಡದಲ್ಲಿಯೇ ಕಾರಣವನ್ನು ಬರೆಯಬಹುದು: ಇದನ್ನು ಏಕೆ ಬದಲಿಸಿದೆ, ಯಾವ ಸಾಲುಗಳನ್ನು ಏಕೆ ಬಿಟ್ಟೆ, ಯಾರನ್ನು ಕೇಳಿ ನಿಶ್ಚಯಿಸಿದೆ. ಶಾಸನಗಳನ್ನೂ ಹಳಗನ್ನಡ ಕಾವ್ಯಗಳನ್ನೂ ಪರಿಷ್ಕರಿಸಿದ ನಮ್ಮ ಹಿರಿಯ ಸಂಪಾದಕರು ಪುಟದ ಅಡಿಯಲ್ಲಿ ಪಾಠಾಂತರಗಳನ್ನು ಕೊಟ್ಟು ತಮ್ಮ ನಿರ್ಣಯಗಳಿಗೆ ಹೊಣೆ ಹೊತ್ತದ್ದು ಹೀಗೆಯೇ. ಐನ್‌ಮನೆಯ ವಂಶಾವಳಿಯನ್ನಾಗಲಿ ಊರಿನ ಚರಿತ್ರೆಯನ್ನಾಗಲಿ ಗ್ರಂಥಾಲಯಕ್ಕೆ ಒಪ್ಪಿಸುವವರು ತಿದ್ದಿದ ಕಡತ, ತಿದ್ದದ ಮೂಲ, ಈ ಆಜ್ಞೆಗಳ ಪಟ್ಟಿ ಮೂರನ್ನೂ ಒಂದೇ ಫೋಲ್ಡರಿನಲ್ಲಿ ಒಪ್ಪಿಸಬೇಕು. ಪಟ್ಟಿಯಿದ್ದರೆ ಮುಂದೆ ಬರುವ ವಿದ್ಯಾರ್ಥಿ ಅದರಲ್ಲಿ ತಾನು ಒಪ್ಪದ ಒಂದು ಸಾಲನ್ನು ಅಳಿಸಿ, ಮೂಲದ ಮೇಲೆ ಮತ್ತೆ ನಡೆಸಿ, ತನ್ನ ಪಾಠವನ್ನು ತಾನೇ ಸಿದ್ಧಪಡಿಸಿಕೊಳ್ಳಬಲ್ಲನು.